ಅಕ್ಕ ತಂಗಿಯರ ಅಳತೆಗೋಲು

ಪ್ರಯೋಗಾಲಯ, ಎರಡನೆಯ ಮಹಡಿ
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೇ? ಡಾಕ್ಟರು ಕೊಟ್ಟ ಹೊಸ ಮಾತ್ರೆ ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲ ಹೋದ ಸಲದ ಹಾಗೆ ಡಬ್ಬಿಯೊಳಗಿನ ಕಾಗದ ಪೂರ್ತಿ ಓದಿ, ಹೆದರಿ, ಡಬ್ಬಿಯನ್ನೇ ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದೀಯೋ? ಔಷಧಿಯ ಜೊತೆ ಬರುವ ಆ ಸಣ್ಣ ಅಕ್ಷರದ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಪ್ರಪಂಚದಲ್ಲಿ ಇಬ್ಬರೇ: ಅದನ್ನು ಅಚ್ಚು ಹಾಕಿದವನು ಮತ್ತು ನೀನು. ಕೆಲಸ ಕಡಿಮೆ ಮಾಡು ಎಂದರೆ ನೀನು ಕೇಳುವವಳಲ್ಲ, ಗೊತ್ತು. ಕಳೆದ ಸಲ ಬಂದಾಗ ನೋಡಿದ್ದೇನಲ್ಲ, ನಿನ್ನ ಮೇಜಿನ ಮೇಲೆ ಹಲ್ಲಿನ ಸೆಟ್ಟುಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ನಿಮ್ಮ ಬೀದಿಯ ಮುದುಕರು ಮುದುಕಿಯರು ನಗುವುದೆಲ್ಲ ನಿನ್ನ ಕೈಯಿಂದ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ವಸಡು ಹುಣ್ಣಾಗುತ್ತದೆ ಎಂದು ನೀನೇ ಹೇಳಿದ್ದೆ. ಅಂಥ ಕೈ ಇಟ್ಟುಕೊಂಡು, ನನ್ನ ಮೊಮ್ಮಗಳನ್ನು ಎತ್ತಿಕೋ ಎಂದರೆ ಮಾತ್ರ "ನನ್ನ ಕೈ ಸರಿಯಿಲ್ಲ ಕಣೆ" ಅನ್ನುತ್ತೀಯ. ಈ ಜಗಳಕ್ಕೆ ಆಮೇಲೆ ಬರುತ್ತೇನೆ, ಮೊದಲು ಮನೆಯ ಸುದ್ದಿ.

ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಮನೆಯವರಿಗೆ ಅಜ್ಜ ಆದಾಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮಗುವಿಗೆ ತಮ್ಮ ಮೂಗೇ ಬಂದಿದೆ ಎಂದು ಹಾಲಿನವನಿಂದ ಹಿಡಿದು ಲಿಫ್ಟ್ ರಿಪೇರಿಗೆ ಬಂದವನವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದಾರೆ. ಹೆಣ್ಣು ಮಗುವಿಗೆ ಆ ಮೂಗು ಬರದಿರಲಿ ಎಂದು ನನ್ನ ಮಗಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಾಳೆ. ನನ್ನನ್ನು ಕೇಳಿದರೆ ಮೂಗು ಇನ್ನೂ ಯಾರದೂ ಅಲ್ಲ, ಹುಬ್ಬು ಮಾತ್ರ ನಿನ್ನದೇ. ಸಿಟ್ಟು ಬಂದಾಗ ಎಡಗಡೆಯದು ಒಂದೇ ಮೇಲೇರುತ್ತದೆ. ಹಾಲು ಕೊಡುವುದು ಸ್ವಲ್ಪ ತಡವಾದರೆ ಸಾಕು, ನೀನೇ ಸಣ್ಣವಳಾಗಿ ಬಂದು ಮಲಗಿದ್ದೀಯೇನೋ ಅನ್ನಿಸುತ್ತದೆ. ಬಾಣಂತಿ ಚೆನ್ನಾಗಿ ಊಟ ಮಾಡುತ್ತಾಳೆ, ನಿದ್ದೆ ಮಾತ್ರ ಇಲ್ಲ. ಅವಳು ದಿನಕ್ಕೊಂದು ಸಲ ಕೇಳುವ ಪ್ರಶ್ನೆ ಒಂದೇ: "ದೊಡ್ಡಮ್ಮ ಯಾವಾಗ ಬರ್ತಾರೆ?"

ನಾನೇನು ಹೇಳಲಿ? ಅವಳು ಹುಟ್ಟಿದಾಗಲೂ ನೀನು ಹೀಗೆಯೇ ಮಾಡಿದ್ದೆ. ನೀನೇ ಹೆಣೆದ ಟೋಪಿ ಹಿಡಿದುಕೊಂಡು ಬಂದವಳು ಆಸ್ಪತ್ರೆಯ ಬಾಗಿಲಲ್ಲೇ ನಿಂತು, ಅಲ್ಲಿಂದಲೇ ಕತ್ತು ಚಾಚಿ ನೋಡಿ, ಟೋಪಿಯನ್ನು ನರ್ಸಮ್ಮನ ಕೈಗೆ ಕೊಟ್ಟು ಹೋದೆ. ಆಮೇಲೆ ಅವಳು ಮಾತು ಕಲಿತು, ಓಡಾಡುವಂತಾಗಿ, ಒಂದು ದಿನ ಯಾರ ಅಪ್ಪಣೆಗೂ ಕಾಯದೆ ನಿನ್ನ ತೊಡೆ ಹತ್ತಿ ಕೂತಳು. ಪೊಲೀಸರು ಹಿಡಿದ ಕಳ್ಳನ ಹಾಗೆ ನೀನು ಎರಡೂ ಕೈ ಮೇಲೆತ್ತಿಕೊಂಡು ಕೂತಿದ್ದೆ. ಅವಳು ಇಳಿದು ಹೋಗುವವರೆಗೂ ಕೈ ಇಳಿಸಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ನೀನು ನಗಲಿಲ್ಲ. ನನ್ನ ಮಗಳು ತುಂಬ ದಿನ ದೊಡ್ಡಮ್ಮನಿಗೆ ತನ್ನನ್ನು ಕಂಡರೆ ಆಗುವುದಿಲ್ಲ ಎಂದುಕೊಂಡಿದ್ದಳು. ಈಗ ತಾಯಿಯಾದ ಮೇಲೆ ಅವಳಿಗೆ ಬೇರೆ ಏನೋ ಇದೆ ಅನ್ನಿಸಿರಬೇಕು. ಮೊನ್ನೆ ನನ್ನ ಮುಖ ನೋಡದೆ, ಮಗುವಿನ ಬಟ್ಟೆ ಮಡಿಚುತ್ತಾ, "ದೊಡ್ಡಮ್ಮನಿಗೆ ಮಕ್ಕಳನ್ನು ಕಂಡ್ರೆ ಭಯ ಅಲ್ವಾಮ್ಮಾ?" ಎಂದಳು. ನಾನು ಹೌದು ಎಂದೆ. ಯಾಕೆ ಎಂದು ಕೇಳಿದಳು. ಅದನ್ನು ದೊಡ್ಡಮ್ಮನನ್ನೇ ಕೇಳಿ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ಈ ಪತ್ರ ಉಯ್ಯಾಲೆಯ ವಿಷಯಕ್ಕೆ. ಅಯ್ಯೋ, ತಡಿ, ಹಾಳೆ ಮಡಿಚಿಡಬೇಡ. ಫೋನಿನಲ್ಲಿ ಹೇಳೋಣ ಎಂದರೆ ಮಾತು ಆ ದಿಕ್ಕಿಗೆ ತಿರುಗಿದ ಕೂಡಲೇ ನಿನಗೆ "ಒಲೆ ಮೇಲೆ ಹಾಲು ಉಕ್ತಾ ಇದೆ, ಇಡ್ತೀನಿ." ಹಾಲು ಹಾಕದ ಚಹಾ ಕುಡಿಯುವ ಒಂಟಿ ಹೆಂಗಸಿನ ಮನೆಯಲ್ಲಿ ಅದೆಷ್ಟು ಹಾಲು ಉಕ್ಕುತ್ತದೆಯೋ ನಾ ಕಾಣೆ. ಕಾಗದವಾದರೆ ನೀನು ಬಿಡುವುದಿಲ್ಲ, ಅಕ್ಷರವಿದ್ದ ಕಡೆ ನಿನ್ನ ಕಣ್ಣು ಓಡಿಯೇ ತೀರುತ್ತದೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇಷ್ಟು ವರ್ಷದಲ್ಲಿ ನಾವಿಬ್ಬರೂ ಇದನ್ನು ಒಂದು ಸಲವೂ ಪೂರ್ತಿಯಾಗಿ ಹೇಳಿಕೊಂಡಿಲ್ಲ. ಈಗ ನಾನೇ ಹೇಳಿಬಿಡುತ್ತೇನೆ. ಹಿತ್ತಲಿನ ಮರ, ಹಗ್ಗ, ಅಪ್ಪ ತಾವೇ ಉಜ್ಜಿ ನುಣುಪು ಮಾಡಿದ ಹಲಗೆ. ನಿನಗೆ ಒಂಬತ್ತು, ನನಗೆ ಐದು, ನಮ್ಮ ತಮ್ಮ ಪುಟ್ಟನಿಗೆ ಮೂರು ತುಂಬಿ ನಾಲ್ಕಕ್ಕೆ ಹತ್ತಿರ. ಅವನು ಹಲಗೆಯ ಮೇಲೆ, ನೀನು ಹಿಂದೆ ನಿಂತು ತಳ್ಳುತ್ತಿದ್ದೆ. ನಾನು ಪಕ್ಕದಲ್ಲಿ ನಿಂತು, "ಸಾಕು, ಈಗ ನಂದು, ಈಗ ನಂದು" ಎಂದು ಗೊಣಗುತ್ತಿದ್ದೆ. ಅವನಾದ ಮೇಲೆ ನನ್ನ ಸರದಿ. ಅವನು ಬಿದ್ದ. ಹಣೆ ಊದಿತು. ಮಾರನೆಯ ದಿನ ಊತ ಇಳಿಯಿತು, ಆದರೆ ಪುಟ್ಟ ಮಾತ್ರ ಮೊದಲಿನ ಪುಟ್ಟ ಆಗಲಿಲ್ಲ. ನಿಂತಲ್ಲೇ ಬೀಳತೊಡಗಿದ. ಮೈ ಸೆಟೆದುಕೊಳ್ಳುತ್ತಿತ್ತು. ಇದ್ದ ನಾಲ್ಕು ಮಾತೂ ಒಂದೊಂದಾಗಿ ಹೋದವು. ಆಮೇಲೆ ನಡಿಗೆ ಹೋಯಿತು, ಆಮೇಲೆ ಕಣ್ಣು. ನೀನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಅವನೇ ಹೋದ. ಡಾಕ್ಟರು ಮೊದಲ ದಿನವೇ "ತಲೆಗೆ ಪೆಟ್ಟು" ಎಂದಿದ್ದರು, ಆಮೇಲೆ ಯಾರೂ ಬೇರೆ ಹೆಸರು ಹುಡುಕಲಿಲ್ಲ. ಅಪ್ಪ ಹಗ್ಗ ಕತ್ತರಿಸಿ ಹಾಕಿದರು. ಅಮ್ಮ ನಿನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಒಂದೇ ಒಂದು ಸಲ, ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿಕೊಂಡೇ, "ಜೋರಾಗಿ ತಳ್ಳಿದ್ಯೇನೇ?" ಎಂದು ಕೇಳಿದಳು. ನೀನು "ಹ್ಞೂ" ಎಂದೆ. ಅಷ್ಟೇ. ಅಮ್ಮ ಕೂಗಾಡಿಬಿಟ್ಟಿದ್ದರೆ ಒಳ್ಳೆಯದಿತ್ತು ಅಕ್ಕಾ. ಆ ಪ್ರಶ್ನೆಯನ್ನು ನೀನು ಮದುವೆ ಬೇಡ ಎಂದಾಗಲೂ, ಮಕ್ಕಳಿರುವ ಮನೆಗೆ ಹೋಗುವುದನ್ನು ಬಿಟ್ಟಾಗಲೂ, ನನ್ನ ಮಗಳು ತೊಡೆ ಹತ್ತಿದಾಗಲೂ ಹೊತ್ತುಕೊಂಡೇ ಇದ್ದೆ ಎಂಬುದು ನನಗೆ ಗೊತ್ತು.

ಈಗ ಪ್ರಯೋಗಾಲಯದ ಸುದ್ದಿ. ವಿಷಯ ತಪ್ಪಿಸುತ್ತಿದ್ದೇನೆ ಅಂದುಕೊಳ್ಳಬೇಡ, ಎರಡೂ ಒಂದೇ ಕಡೆ ಹೋಗಿ ಸೇರುತ್ತವೆ. ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದವರಿಗೆ ನೀನು "ಅವಳು ಇಲಿಗಳ ಡಾಕ್ಟರು" ಎಂದು ಹೇಳುತ್ತಾ ಬಂದಿದ್ದೀಯ, ಅದಕ್ಕೆ ಇನ್ನೊಂದು ಸಲ ಹೇಳುತ್ತೇನೆ. ಮೈಯ ಪ್ರತಿಯೊಂದು ಜೀವಕೋಶದ ಒಳಗೂ ಸಣ್ಣ ಸಣ್ಣ ಚೀಲಗಳಿವೆ, ಲೈಸೋಸೋಮ್ ಎಂದು ಹೆಸರು. ಕೋಶದ ಹಳೆಯ ಸಾಮಾನು, ಕಸಕಡ್ಡಿಯೆಲ್ಲ ಅಲ್ಲಿಗೆ ಹೋಗಿ ಕರಗಬೇಕು. ಕರಗಿಸಲು ಒಂದೊಂದು ಬಗೆಯ ಕಸಕ್ಕೂ ಒಂದೊಂದು ಕಿಣ್ವ ಇದೆ. ಹುಟ್ಟುವಾಗಲೇ ಅವುಗಳಲ್ಲಿ ಒಂದು ಇಲ್ಲದೆ ಹೋದರೆ ಆ ಬಗೆಯ ಕಸ ಅಲ್ಲಿಯೇ ಉಳಿಯುತ್ತದೆ. ನಿನ್ನ ಮೇಜಿನ ಮೇಲೆ ಹಲ್ಲಿನ ಸೆಟ್ಟು ಉಜ್ಜಿದಾಗ ಉದುರುವ ಪುಡಿಯನ್ನು ಯಾರೂ ಒಂದು ದಿನವೂ ಒರೆಸದಿದ್ದರೆ ಹೇಗೋ ಹಾಗೆ. ಮೊದಲು ಏನೂ ಗೊತ್ತಾಗುವುದಿಲ್ಲ, ಆಮೇಲೆ ಒಂದು ದಿನ ಕೆಲಸ ಮಾಡಲು ಜಾಗವೇ ಇರುವುದಿಲ್ಲ. ಮಿದುಳಿನ ಕೋಶಗಳಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಎಲ್ಲಕ್ಕಿಂತ ಕಡಿಮೆ. ಮಗು ಚೆನ್ನಾಗಿಯೇ ಹುಟ್ಟುತ್ತದೆ, ನಗುತ್ತದೆ, ನಡೆಯುತ್ತದೆ, ಎರಡು ಮೂರು ವರ್ಷವಾದ ಮೇಲೆ ಕಲಿತದ್ದನ್ನು ಒಂದೊಂದಾಗಿ ಬಿಟ್ಟುಕೊಡುತ್ತದೆ. ಇಂಥ ಒಂದು ಕಾಯಿಲೆಗೆ ಔಷಧಿ ಹುಡುಕುವುದೇ ನನ್ನ ಕೆಲಸ. ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು, ಹೀಗೆ ಎರಡು ಕೆಟ್ಟ ಜೀನುಗಳು ಒಟ್ಟಿಗೆ ಸಿಕ್ಕಿದ ಮಗುವಿಗೆ ಮಾತ್ರ ಅದು ಬರುತ್ತದೆ. ಒಂದೇ ಸಿಕ್ಕಿದವರಿಗೆ ಕಿಣ್ವ ಅರ್ಧ ಇರುತ್ತದೆ, ಏನೂ ಆಗುವುದಿಲ್ಲ, ಅವರಿಗೆ ಅದು ಗೊತ್ತೂ ಆಗುವುದಿಲ್ಲ.

ಈ ಕೆಲಸಕ್ಕೆ ನಾನು ಬಂದದ್ದು ಪುಟ್ಟನಿಗಾಗಿ ಅಲ್ಲ. ಸಂದರ್ಶನ ಮಾಡಲು ಬರುವವರಿಗೆ ಅಂಥ ಕಥೆ ಇಷ್ಟ, ಆದರೆ ನಿಜ ಹೇಳಬೇಕೆಂದರೆ ನಾನು ಸೇರಿದಾಗ ನನ್ನ ಗುರುಗಳ ಬಳಿ ಖಾಲಿ ಇದ್ದದ್ದು ಅದೊಂದೇ ಮೇಜು. ಮುಂದೆ ನನ್ನದೇ ಪ್ರಯೋಗಾಲಯ ಶುರುವಾದಾಗ ಒಂದು ಕೋಣೆ, ಒಂದು ಫ್ರೀಜರ್, ನಾನು, ಮತ್ತು ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು ಇತ್ತು. ಕಾಯಿಲೆಯ ಕೋಶದಲ್ಲಿ ಕಿಣ್ವ ಎಷ್ಟಿದೆ ಎಂದು ಹೇಳಬೇಕಾದರೆ ಆರೋಗ್ಯವಂತರಲ್ಲಿ ಎಷ್ಟಿದೆ ಎಂದು ಮೊದಲು ಗೊತ್ತಿರಬೇಕಲ್ಲ. ಆಗ ಚರ್ಮದ ಚೂರು ಕೊಡಿ ಎಂದರೆ ಯಾರು ಕೊಡುತ್ತಾರೆ? ನಾನು ನನ್ನದು ತೆಗೆದುಕೊಂಡೆ. ರಜೆಗೆಂದು ಬಂದಿದ್ದ ನಿನ್ನನ್ನೂ ಹಿಡಿದುಕೊಂಡೆ. ನಿನ್ನ ತೋಳಿನ ಒಳಗಡೆ ಈಗಲೂ ಆ ಸಣ್ಣ ಗುರುತು ಇದೆ. ತಂಗಿಯ ಮನೆಗೆ ಬಂದರೆ ಚರ್ಮ ಸುಲಿಯುತ್ತಾಳೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ನಾನು ಹತ್ತಿ ಒತ್ತುತ್ತಿದ್ದಾಗ ನೀನು ಇನ್ನೊಂದು ಮಾತು ಹೇಳಿದ್ದೆ: "ಕೆಟ್ಟದ್ದು ಏನಾದ್ರೂ ಸಿಕ್ಕಿದ್ರೆ ನನಗೆ ಹೇಳ್ಬೇಡ ಕಣೆ. ನನಗೆ ಇರೋದೇ ಸಾಕು." ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆ ಮಾತು ನನಗೆ ನೆನಪಿದೆ ಎಂಬುದನ್ನು ನೀನೂ ನೆನಪಿಟ್ಟುಕೋ.

ಹೀಗೆ ನೀನು ನಂಬರ್ ಒಂದು, ನಾನು ನಂಬರ್ ಎರಡು. ನಮ್ಮಿಬ್ಬರ ಕೋಶಗಳನ್ನು ಬೆಳೆಸಿ, ಫ್ರೀಜರಿನಲ್ಲಿಟ್ಟು, ಬೇಕಾದಾಗಲೆಲ್ಲ ಎಬ್ಬಿಸಿ, ಮತ್ತೆ ಬೆಳೆಸಿದ್ದೇವೆ. ನಿನ್ನವು ಇನ್ನೂ ಹರೆಯದಲ್ಲಿವೆ, ನಿನ್ನ ಮಂಡಿಯ ಹಾಗಲ್ಲ. ನಮ್ಮಿಬ್ಬರ ಸರಾಸರಿಯನ್ನೇ ನೂರು ಎಂದು ಕರೆದೆವು. ನಮ್ಮ ಪ್ರತಿಯೊಂದು ಗ್ರಾಫ್ ಚಿತ್ರದಲ್ಲೂ ಒಂದು ಅಡ್ಡಗೆರೆ ಇದೆ, ಅದು ನಾವು, ಅಕ್ಕ ತಂಗಿ. ಆಮೇಲೆ ಪ್ರಯೋಗಾಲಯ ದೊಡ್ಡದಾಯಿತು, ಜನ ಬಂದರು, ಬೀರುವಿನ ಬಾಗಿಲೂ ಸರಿಹೋಯಿತು. ಗೆರೆ ಮಾತ್ರ ಬದಲಾಗಲಿಲ್ಲ. ಬದಲಾಯಿಸಿದರೆ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ತಾಳೆಯಾಗುವುದಿಲ್ಲ ಎಂದು ನಾನೇ ಬಿಡಲಿಲ್ಲ. ಕಾಯಿಲೆಯವರ ಕೋಶಗಳನ್ನು ನೂರು ಬಗೆಯಲ್ಲಿ ಪರೀಕ್ಷೆ ಮಾಡಿದೆವು, ಔಷಧಿಗಳನ್ನು ಪರೀಕ್ಷೆ ಮಾಡಿದೆವು, ಸೀಸೆಗಳನ್ನು, ನೀರನ್ನು, ಮೆಷಿನ್ನುಗಳನ್ನು ಪರೀಕ್ಷೆ ಮಾಡಿದೆವು. ಆರೋಗ್ಯವಂತರು ಆರೋಗ್ಯವಂತರೇ ಹೌದೋ ಎಂದು ಒಬ್ಬರೂ ನೋಡಲಿಲ್ಲ. ಇಂಥ ತಪ್ಪು ದಡ್ಡರ ಕೈಯಿಂದ ಆಗುವುದಿಲ್ಲ ಅಕ್ಕಾ, ಇದಕ್ಕೆ ತುಂಬಾ ಓದಿರಬೇಕು.

ಹಿಡಿದವಳು ಹೊಸದಾಗಿ ಸೇರಿದ ಒಬ್ಬ ಸಂಶೋಧಕಿ. ಎಲ್ಲದರ ಮೇಲೂ ಅನುಮಾನ ಪಡುವುದರಿಂದ ಅವಳನ್ನು ನಾವೆಲ್ಲ ಕರೆಯುವುದೇ 'ಅನುಮಾನ' ಎಂದು, ಅವಳಿಗೂ ಅದೊಂದು ಹೆಮ್ಮೆ. ನಮ್ಮ ಹೊಸ ಔಷಧಿ ಹಾಕಿದ ಕಾಯಿಲೆಯ ಕೋಶಗಳಲ್ಲಿ ಕಿಣ್ವ ನೂರರ ಗೆರೆಯನ್ನು ಮುಟ್ಟಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇನ್ನೊಂದು ಸಲ ಮಾಡಿದಾಗ ಗೆರೆ ದಾಟಿ ಮೇಲೆ ಹೋಯಿತು. ಆಗ ಅನುಮಾನ, "ಮೇಡಂ, ಕಾಯಿಲೆಯವರು ಆರೋಗ್ಯವಂತರಿಗಿಂತ ಆರೋಗ್ಯವಾಗಿ ಇರೋಕಾಗುತ್ತಾ?" ಎಂದಳು. ಮೆಷಿನ್ ತೊಳೆದು ಮತ್ತೆ ಮಾಡು ಎಂದು ಗದರಿಸಿದೆ. ತೊಳೆದಳು, ಮಾಡಿದಳು, ಅದೇ ಬಂತು. ನನಗೆ ಹೇಳದೆ ಬೇರೆ ಪ್ರಯೋಗಾಲಯದಿಂದ ಆರೋಗ್ಯವಂತರ ಕೋಶಗಳನ್ನು ತರಿಸಿದಳು. ತನ್ನ ಚರ್ಮ ಕೊಟ್ಟಳು, ಕ್ಯಾಂಟೀನಿನ ಅಮ್ಮನನ್ನೂ ಸೊಳ್ಳೆ ಕಚ್ಚಿದಷ್ಟೇ ಎಂದು ಪುಸಲಾಯಿಸಿ ಒಂದು ಚೂರು ತೆಗೆಸಿಕೊಂಡಳು. ಎಲ್ಲರದೂ ಗೆರೆಗಿಂತ ಮೇಲೆ, ಹತ್ತಿರ ಹತ್ತಿರ ಎರಡು ಪಾಲು. ಕ್ಯಾಂಟೀನಿನ ಅಮ್ಮ ಈಗ ಚಹಾ ಕೊಡುವಾಗಲೆಲ್ಲ "ನಂದು ಡಬಲ್ ಅಂತೆ" ಎಂದು ಎಲ್ಲರಿಗೂ ಹೇಳುತ್ತಾಳೆ. ಯಾವುದು ಡಬಲ್ ಎಂದು ಅವಳಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಅಂದರೆ ಅರ್ಧ ಇದ್ದದ್ದು ನಮಗೆ. ನಿನಗೂ ನನಗೂ. ಹೆದರಬೇಡ, ಅದರಿಂದ ನಿನಗೆ ಏನೂ ಆಗಿಲ್ಲ, ಆಗುವುದೂ ಇಲ್ಲ. ಮಂಡಿ ನೋವಿಗೂ ಅದಕ್ಕೂ ಸಂಬಂಧವಿಲ್ಲ, ಆ ನೆಪ ಹೇಳಿ ಮಾತ್ರೆ ತಪ್ಪಿಸಬೇಡ. ಮಗುವಿನ ಚಿಂತೆಯೂ ಬೇಡ. ನನ್ನ ಮಗಳನ್ನೂ ಅಳಿಯನನ್ನೂ ಕೂಡಿಸಿಕೊಂಡು ಎಲ್ಲ ಹೇಳಿ, ಇಬ್ಬರನ್ನೂ ಪರೀಕ್ಷೆ ಮಾಡಿಸಿದ್ದೇನೆ. ಮಗಳಿಗೆ ನನ್ನ ಅರ್ಧವೇ ಬಂದಿದೆ, ಅಳಿಯನದು ಪೂರ್ತಿ ಸರಿಯಿದೆ, ಹಾಗಾಗಿ ಮಗುವಿಗೆ ಆ ಕಾಯಿಲೆಯ ಭಯವಿಲ್ಲ. ಇನ್ನು ನನ್ನ ಮರ್ಯಾದೆಯ ವಿಷಯ. ಪ್ರಕಟವಾದ ಲೇಖನಗಳಿಗೆಲ್ಲ ತಿದ್ದುಪಡಿ ಕಳಿಸುತ್ತಿದ್ದೇನೆ. ಕೆಲವು ಕಡೆಯಿಂದ ನಯವಾದ ಉತ್ತರ ಬಂದಿದೆ, ಕೆಲವರು ನಕ್ಕಿದ್ದಾರೆ, ಒಬ್ಬ ಹಳೆಯ ಎದುರಾಳಿಗಂತೂ ಹಬ್ಬ. ಮೊದಲ ವಾರ ನನಗೆ ಊಟ ಸೇರಲಿಲ್ಲ. ಆಮೇಲೆ ಅನುಮಾನಳೇ ಒಂದು ದಿನ ಬಾಗಿಲಲ್ಲಿ ನಿಂತು, ಔಷಧಿ ಪೂರ್ತಿ ನೂರಕ್ಕೆ ತರುವುದಿಲ್ಲ, ಅರ್ಧಕ್ಕೆ ಮಾತ್ರ ತರುತ್ತದೆ, ಆದರೆ ಅರ್ಧ ಇದ್ದವರು ಇಷ್ಟು ವರ್ಷ ಗಟ್ಟಿಮುಟ್ಟಾಗಿ ಬದುಕಿದ್ದಾರಲ್ಲ ಎಂದಳು. ಅದು ನಿಜ. ಅರ್ಧ ಸಾಕು ಎನ್ನುವುದಕ್ಕೆ ಸಾಕ್ಷಿ ನೀನೇ, ಈ ವಯಸ್ಸಿನಲ್ಲೂ ಬೀದಿಯವರಿಗೆಲ್ಲ ಹಲ್ಲು ಕಟ್ಟಿಕೊಡುತ್ತಾ ಕೂತಿರುವವಳು. ಔಷಧಿಯ ಆಸೆ ಹೋಗಿಲ್ಲ. ಬಹುಶಃ ಮೊದಲಿಗಿಂತ ಗಟ್ಟಿಯಾಗಿದೆ. ನಾನು ಎಲ್ಲದಕ್ಕೂ 'ಬಹುಶಃ' ಸೇರಿಸುತ್ತೇನೆ ಎಂದು ನೀನು ಆಡಿಕೊಳ್ಳುತ್ತೀಯಲ್ಲ, ಹಸಿವಾಗಿದೆಯಾ ಎಂದರೂ ಬಹುಶಃ ಅನ್ನುವವಳು ಎಂದು. ಏನು ಮಾಡಲಿ, ನಮ್ಮ ಕಸುಬೇ ಹಾಗೆ.

ಇನ್ನೊಂದು ಮಾತು ಹೇಳದೆ ಇದ್ದರೆ ನನಗೆ ಸಮಾಧಾನವಿಲ್ಲ. ಪುಟ್ಟನ ವಿಷಯ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನೀನು ಕೇಳಬಹುದು. ಒಮ್ಮೆ ಹೊಳೆದಿತ್ತು. ತುಂಬ ಹಿಂದೆ ಒಬ್ಬ ತಾಯಿ ತನ್ನ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ಕುಡಿಯಲು ನೀರು ಕೊಟ್ಟೆ, ಲೋಟ ಅವನ ಕೈಯಿಂದ ಜಾರಿತು. "ಮೊದಲು ಹೀಗಿರಲಿಲ್ಲ, ಈಗೀಗ ಏನು ಹಿಡಿದರೂ ಬಿಡುತ್ತಾನೆ" ಎಂದಳು. ನನಗೆ ಪುಟ್ಟ ನೆನಪಾದ. ಅವರು ಹೋದ ಮೇಲೆ ನಮ್ಮಿಬ್ಬರ ಲೆಕ್ಕ ತೆಗೆದು ನೋಡಿದೆ. ನಮ್ಮ ಮನೆಯಲ್ಲಿ ಆ ಜೀನು ಇದ್ದಿದ್ದರೆ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಕಿಣ್ವ ಕಡಿಮೆ ಕಾಣಬೇಕಿತ್ತು. ಎರಡೂ ನೂರರ ಪಕ್ಕದಲ್ಲೇ ಇದ್ದವು. ಸದ್ಯ, ನಮ್ಮದು ಆ ಮನೆಯಲ್ಲ, ಎಂದು ನಿಟ್ಟುಸಿರು ಬಿಟ್ಟು ಮುಚ್ಚಿಟ್ಟೆ. ನೂರು ಎಂದರೆ ನಾವೇ ಎಂಬುದು ಆ ಕ್ಷಣದಲ್ಲಿ ನನ್ನ ತಲೆಗೆ ಹೋಗಲೇ ಇಲ್ಲ. ನಮ್ಮನ್ನು ನಮ್ಮಿಂದಲೇ ಅಳೆದು, ಸರಿಯಾಗಿದ್ದೇವೆ ಎಂದುಕೊಂಡೆ. ಆಮೇಲೆ ಆ ಶಂಕೆ ಮತ್ತೆ ಬರಲಿಲ್ಲ. ನೀನು ಅಲ್ಲಿ ಒಬ್ಬಳೇ ಆ "ಹ್ಞೂ" ಹಿಡಿದುಕೊಂಡು ಕೂತೇ ಇದ್ದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೋ. ಬೆಳಕಿಲ್ಲದ ಕಡೆ ಕೂತು ಹಲ್ಲಿನ ಸೆಟ್ಟು ಉಜ್ಜಬೇಡ. ನಮ್ಮ ಮನೆಯವರು ನಮಸ್ಕಾರ ತಿಳಿಸಿದ್ದಾರೆ, ಮೂಗಿನ ವಿಷಯವನ್ನೂ ಮರೆಯದೆ ತಿಳಿಸು ಎಂದಿದ್ದಾರೆ. ಮಗಳಿಗೂ ಮಗುವಿಗೂ ನಿನ್ನ ಆಶೀರ್ವಾದ ಬೇಕು, ಅದೂ ಬಾಗಿಲಲ್ಲಿ ನಿಂತು ಕೊಡುವುದಲ್ಲ, ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟು.

ಎಂದೂ ನಿನ್ನ ಬೆನ್ನು ಬಿಡದ,
ತಂಗಿ
(ನಂಬರ್ ಎರಡು)

ತಾ.ಕ.: ಕೆಳಗೆ ನಮ್ಮ ಮನೆಯವರು ಕಾರಿನ ಹಾರನ್ ಒತ್ತುತ್ತಿದ್ದಾರೆ, ಮೊಮ್ಮಗಳನ್ನು ನೋಡಲು ಮಗಳ ಮನೆಗೆ ಹೊರಟಿದ್ದೇವೆ. ಬೇಗ ಬೇಗ ಬರೆಯುತ್ತೇನೆ, ಅಕ್ಷರ ಕೆಟ್ಟರೆ ಬೈಯಬೇಡ. ಇದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದದ್ದು. ಕೆಟ್ಟದ್ದು ಸಿಕ್ಕಿದರೆ ಹೇಳಬೇಡ ಎಂದು ನೀನು ಮಾತು ತೆಗೆದುಕೊಂಡಿದ್ದೆ. ಇದು ಒಳ್ಳೆಯದು. ಇದನ್ನು ಹೇಳಬಾರದು ಎಂದು ನೀನು ಹೇಳಿರಲಿಲ್ಲ.

ಅರ್ಧ ಯಾಕೆ ಎಂದು ನೋಡಲು ನಮ್ಮಿಬ್ಬರ ಜೀನುಗಳನ್ನು ಓದಿಸಿದೆವು. ಅನುಮಾನ ಓಡಿ ಬಂದಳು. ಆ ಕೋಶಗಳು ಯಾರವು ಎಂದು ಅವಳಿಗೆ ಗೊತ್ತಿರಲಿಲ್ಲ. "ಮೇಡಂ, ಒಂದು ಎರಡು ಇಬ್ಬರೂ ಅಕ್ಕ ತಂಗಿ ಇರಬೇಕು. ಆದ್ರೆ ಇಬ್ಬರ ತಪ್ಪು ಒಂದೇ ಅಲ್ಲ, ಬೇರೆ ಬೇರೆ ಕಡೆ ಇದೆ. ಒಬ್ಬಳಿಗೆ ಅಮ್ಮನ ಕಡೆಯಿಂದ, ಇನ್ನೊಬ್ಬಳಿಗೆ ಅಪ್ಪನ ಕಡೆಯಿಂದ ಬಂದಿದೆ. ಇವರಿಗೆ ಇನ್ನೊಂದು ಮಗು ಏನಾದ್ರೂ ಹು‌ಟ್ಟಿ, ಅದಕ್ಕೆ ಎರಡೂ ಸಿಕ್ಕಿಬಿಟ್ಟಿದ್ರೆ ಗತಿ ಏನಾಗ್ತಿತ್ತು! ಪುಣ್ಯ, ಇಬ್ಬರೇ ಅಲ್ವಾ ಮೇಡಂ?" ಎಂದಳು. ನಾನು "ಮೂರು ಜನ" ಎಂದೆ. ಅವಳು ನನ್ನ ಮುಖ ನೋಡಿದಳು. ಒಂದು ಕುರ್ಚಿ ಎಳೆದು ನನ್ನ ಪಕ್ಕದಲ್ಲಿ ಕೂತುಬಿಟ್ಟಳು.

ಪುಟ್ಟನಿಗೆ ಎರಡೂ ಸಿಕ್ಕಿದ್ದವು ಅಕ್ಕಾ. ನೆನಪು ಮಾಡಿಕೋ. "ಪುಟ್ಟನ ಕೈಗೆ ಗಾಜಿನ ಲೋಟ ಕೊಡ್ಬೇಡಿ" ಎಂದು ಅಮ್ಮ ಹೇಳತೊಡಗಿದ್ದು ಉಯ್ಯಾಲೆಗಿಂತ ಮೊದಲು. ನಿನ್ನನ್ನು ಅಕ್ಕಯ್ಯ ಎಂದು ಬಾಯ್ತುಂಬ ಕರೆಯುತ್ತಿದ್ದವನು ಬರೀ "ಅ" ಅನ್ನುವಂತಾಗಿದ್ದು, ಸೋಮಾರಿ ಎಂದು ಅಪ್ಪ ಗದರಿಸಿದ್ದು, ಅದೂ ಮೊದಲೇ. ತಲೆಗೆ ಬಿದ್ದ ಪೆಟ್ಟು ವರ್ಷಗಟ್ಟಲೆ ಬೆಳೆಯುತ್ತಾ ಹೋಗಿ ಕಣ್ಣನ್ನೂ ನುಂಗುವುದಿಲ್ಲ. ಈ ಕಾಯಿಲೆ ಹಾಗೆಯೇ ಬರುತ್ತದೆ, ಅದೇ ವಯಸ್ಸಿಗೆ, ಅದೇ ವರಸೆಯಲ್ಲಿ. ಅವನು ಬಿದ್ದದ್ದರಿಂದ ಕಾಯಿಲೆ ಬರಲಿಲ್ಲ, ಕಾಯಿಲೆ ಇದ್ದದ್ದರಿಂದ ಬಿದ್ದ. ಅವನ ಕೈ ಹಗ್ಗವನ್ನು ಹಿಡಿದುಕೊಳ್ಳಲಾರದೆ ಹೋಗಿತ್ತು. ನೀನು ಜೋರಾಗಿ ತಳ್ಳಿದ್ದರೂ ಅಷ್ಟೇ, ಮೆಲ್ಲಗೆ ತಳ್ಳಿದ್ದರೂ ಅಷ್ಟೇ, ಆ ದಿನ ಮನೆಯೊಳಗೇ ಕೂತಿದ್ದರೂ ಅಷ್ಟೇ. ಇದಕ್ಕೆ ನಾನು ಬಹುಶಃ ಸೇರಿಸುವುದಿಲ್ಲ.

ಅಮ್ಮ ಇಲ್ಲ, ಅವಳಿಗೆ ಹೇಳಲಾಗಲಿಲ್ಲ ಎಂದು ನಾನು ಅತ್ತಿದ್ದೇನೆ. ನೀನು ಇದ್ದೀಯಲ್ಲ.

ಹಾರನ್ ಇನ್ನೂ ನಿಂತಿಲ್ಲ. ನನ್ನ ಕಿಟಕಿಯ ಕೆಳಗೆ ಒಂದು ಸಣ್ಣ ಪಾರ್ಕ್ ಇದೆ, ಅದರಲ್ಲಿ ಒಂದು ಉಯ್ಯಾಲೆ. ಸರಪಳಿ ಗಟ್ಟಿಯಾಗಿದೆ, ದೊಡ್ಡವರೂ ಕೂರಬಹುದು, ಕಾವಲುಗಾರನನ್ನು ಕೇಳಿಕೊಂಡಿದ್ದೇನೆ. ಅವನು ನಕ್ಕ, ನಗಲಿ. ಬಂದವಳು ಮೊದಲು ಮಗುವನ್ನು ಎತ್ತಿಕೋ, ಎರಡೂ ಕೈಯಲ್ಲಿ. ಆಮೇಲೆ ಪಾರ್ಕಿಗೆ ಬಾ. ಅವತ್ತು ಪುಟ್ಟನಾದ ಮೇಲೆ ನನ್ನ ಸರದಿ ಇತ್ತು ಅಕ್ಕಾ, ಅದು ಇನ್ನೂ ಬಾಕಿ ಇದೆ. ಬಂದು ತಳ್ಳು. ಜೋರಾಗಿ ತಳ್ಳು.